ಪಂದ್ಯದ ಕಲೆಯೂ ಪಾಠಶಾಲೆಯ ಕಲೆಯೂ

ಪಾಠಶಾಲೆಯಲ್ಲಿ ಕಲೆಗೆ ಸ್ಥಾನವಿರಬೇಕೇ ಎಂದು ಕೇಳಿದರೆ ಬೇಡವೆಂದು ಹೇಳುವವರು ಈಗ ಯಾರೂ ಇಲ್ಲ. ಸಭೆಗಳಲ್ಲಿ ಅಧ್ಯಕ್ಷರು ಕಲೆಯನ್ನು ಕೊಂಡಾಡುತ್ತಾರೆ. ವಾರ್ಷಿಕೋತ್ಸವಗಳಲ್ಲಿ ಮುಖ್ಯ ಅತಿಥಿಗಳು ಮಕ್ಕಳ ಪ್ರತಿಭೆಯನ್ನು ಮೆಚ್ಚಿ ಪಾರಿತೋಷಕಗಳನ್ನು ಹಂಚುತ್ತಾರೆ. ತಂದೆತಾಯಿಗಳು ಚಪ್ಪಾಳೆ ತಟ್ಟುತ್ತಾರೆ. ಇಷ್ಟು ಜನರ ಒಪ್ಪಿಗೆ ದೊರೆತಿರುವ ವಿಷಯದಲ್ಲಿ ಆಚರಣೆ ಮಾತ್ರ ಏತಕ್ಕೆ ಇಷ್ಟು ಬಡವಾಗಿದೆಯೆಂಬುದೇ ವಿಚಾರಮಾಡತಕ್ಕ ಸಂಗತಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ತುಮಕೂರು ಜಿಲ್ಲೆಯೊಳಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಬೇರೆಯಾಗಿ ಏರ್ಪಟ್ಟಿವೆ. ಇಲ್ಲಿಯ ಪಾಠಶಾಲೆಗಳಲ್ಲಿ ಕಲೆಯೆಂಬುದು ಹೆಚ್ಚಾಗಿ ಎರಡೇ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಒಂದು, ವೇಳಾಪಟ್ಟಿಯಲ್ಲಿ ಹೆಸರಿಗೆ ಮಾತ್ರ ಇದ್ದು, ಗಣಿತಕ್ಕೋ ವಿಜ್ಞಾನಕ್ಕೋ ಧಾರೆಯೆರೆದುಹೋಗುವ ಒಂದು ಪೀರಿಯಡ್ಡು. ಮತ್ತೊಂದು, ವರ್ಷಕ್ಕೊಮ್ಮೆ ಬಂದುಹೋಗುವ ಪಂದ್ಯ. ಇವೆರಡರ ನಡುವೆ ಮಕ್ಕಳೆಲ್ಲರೂ ಕೂಡಿ ಕೈಯಾರೆ ಒಂದು ಕೃತಿಯನ್ನು ಕಟ್ಟುವ ಕೆಲಸಕ್ಕೆ ಎಡೆಯೇ ಉಳಿದಿಲ್ಲ. ಆ ಎಡೆಯನ್ನು ಮರಳಿ ದೊರಕಿಸದ ಹೊರತು ಉಳಿದ ಹೊಗಳಿಕೆಯೆಲ್ಲವೂ ವ್ಯರ್ಥ.

ಮೊದಲು ಪಂದ್ಯದ ಮಾತು. ಈ ಶತಮಾನದ ಆರಂಭದ ವರ್ಷಗಳಿಂದ ಶಿಕ್ಷಣ ಇಲಾಖೆಯವರು ನಡೆಸಿಕೊಂಡು ಬಂದಿರುವ ಪ್ರತಿಭಾ ಕಾರಂಜಿಯು ಸದುದ್ದೇಶದಿಂದಲೇ ಹುಟ್ಟಿದ್ದು. ವೇದಿಕೆಯನ್ನೇ ಏರದಿದ್ದ ಹಳ್ಳಿಯ ಮಕ್ಕಳಿಗೆ ಅದು ವೇದಿಕೆಯನ್ನು ಕೊಟ್ಟಿತು. ಕಂಠಪಾಠ, ಕಥೆ ಹೇಳುವುದು, ಛದ್ಮವೇಷ, ಮಣ್ಣಿನ ಮಾದರಿ, ಚಿತ್ರ, ಜನಪದ ನೃತ್ಯ, ಕವ್ವಾಲಿ ಮೊದಲಾದವುಗಳನ್ನೆಲ್ಲ ಒಂದೇ ಚಪ್ಪರದ ಕೆಳಗೆ ತಂದಿತು. ಈ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅದರ ಕ್ರಮವನ್ನು ನೋಡಬೇಕು. ಶಾಲೆಯಿಂದ ಕ್ಲಸ್ಟರಿಗೆ, ಕ್ಲಸ್ಟರಿನಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ, ಅಲ್ಲಿಂದ ರಾಜಧಾನಿಯ ಮಟ್ಟಕ್ಕೆ ಎಂದು ಮೆಟ್ಟಲುಗಳಿವೆ. ಒಂದೊಂದು ಮೆಟ್ಟಲಿನಲ್ಲಿಯೂ ಒಬ್ಬರು ಮೇಲಕ್ಕೆ ಹೋಗುತ್ತಾರೆ, ಉಳಿದವರು ಕೆಳಗೇ ನಿಲ್ಲುತ್ತಾರೆ. ನಲವತ್ತು ಮಕ್ಕಳ ತರಗತಿಯಿಂದ ಒಬ್ಬಳು ಚಿತ್ರಕ್ಕೆ ಆಯ್ಕೆಯಾದಳೆಂದರೆ, ಉಳಿದ ಮೂವತ್ತೊಂಬತ್ತು ಮಕ್ಕಳಿಗೆ ತಮಗೆ ಚಿತ್ರ ಬಾರದೆಂಬ ತೀರ್ಪು ಅದೇ ದಿವಸ ಬಾಯಿಬಿಡದೆ ತಲುಪುತ್ತದೆ. ಆ ತೀರ್ಪನ್ನು ಅವರು ಮುಪ್ಪಿನವರೆಗೂ ನಂಬಿಕೊಂಡಿರುತ್ತಾರೆ.

ಗುಂಪಿನ ಪಂದ್ಯಗಳೂ ಇವೆಯಲ್ಲವೇ ಎಂದು ಕೇಳಬಹುದು. ಇವೆ, ಆದರೆ ಗುಂಪು ಗೆಲ್ಲಬೇಕಾಗಿರುವುದರಿಂದ ಮೊದಲೇ ಬಲ್ಲವರನ್ನು ಆರಿಸಿ, ಮೊದಲೇ ಧ್ವನಿಮುದ್ರಿತವಾದ ಹಾಡಿಗೆ, ಯಾರೋ ಹೇಳಿಕೊಟ್ಟ ಹೆಜ್ಜೆಗಳನ್ನು ಹಾಕಿಸುವುದೇ ರೂಢಿಯಾಗಿದೆ. ಅಲ್ಲಿ ಮಕ್ಕಳು ಸಾಲಾಗಿ ನಿಂತಿರುತ್ತಾರೆ, ಕೂಡಿ ಕಟ್ಟಿರುವುದಿಲ್ಲ. ಪಂದ್ಯವೆಂಬುದು ತಕ್ಕಡಿ. ಇದ್ದುದನ್ನು ತೂಗುವುದು ಅದರ ಧರ್ಮ. ಇಲ್ಲದುದನ್ನು ಬೆಳೆಯುವುದು ಅದರ ಕೈಲಾಗದು. ಕಡಲೆಕಾಯಿಯನ್ನು ಮಂಡಿಯಲ್ಲಿ ಎಷ್ಟು ಸಾರಿ ತೂಗಿದರೂ ಹೊಲದಲ್ಲಿ ಒಂದು ಕಾಯಿಯೂ ಹೆಚ್ಚಾಗಿ ಬಿಡುವುದಿಲ್ಲವೆಂಬುದು ಪಾವಗಡದ ರೈತನಿಗೆ ಚೆನ್ನಾಗಿ ಗೊತ್ತಿದೆ. ಉತ್ತುಬಿತ್ತುವ ಕೆಲಸವನ್ನು ಬಿಟ್ಟು ತೂಗುವ ಕೆಲಸವನ್ನೇ ಕಲಾಶಿಕ್ಷಣವೆಂದು ಕರೆದುಕೊಂಡಿರುವುದು ವಿದ್ಯಾವಂತರ ತಪ್ಪು.

ಇದು ಈ ಸೀಮೆಯ ಪರಂಪರೆಗೂ ವಿರುದ್ಧವಾದುದು. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯಲ್ಲಿ ಸೀಬಿಯ ನರಸಿಂಹಸ್ವಾಮಿ ದೇವಾಲಯವಿದೆ. ಅದರ ಮುಖಮಂಟಪದ ಮಾಳಿಗೆಯ ಒಳಮೈಯಲ್ಲಿ ಸಾಲುಸಾಲಾಗಿ ಪುರಾಣಪ್ರಸಂಗಗಳೂ ಆಸ್ಥಾನದ ದೃಶ್ಯಗಳೂ ಚಿತ್ರಿತವಾಗಿವೆ. ದೇವಾಲಯವನ್ನು ಕಟ್ಟಿಸಿದವರು ಕಚೇರಿ ಕೃಷ್ಣಪ್ಪನವರ ಮಕ್ಕಳಾದ ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಎಂಬ ಮೂವರು ಸಹೋದರರೆಂದು ಜನರು ಹೇಳುತ್ತಾರೆ. ಬಣ್ಣವನ್ನರೆದು ಕುಂಚ ಹಿಡಿದವರ ಹೆಸರನ್ನು ಯಾರೂ ಹೇಳುವುದಿಲ್ಲ. ಅಷ್ಟು ವಿಶಾಲವಾದ ಮಾಳಿಗೆಯು ಒಂದು ಕೈಯ ಕೆಲಸವಲ್ಲ. ಒಬ್ಬನು ಗಾರೆಯನ್ನು ನುಣುಪುಮಾಡಬೇಕು, ಒಬ್ಬನು ರೇಖೆ ಎಳೆಯಬೇಕು, ಒಬ್ಬನು ಬಣ್ಣ ತುಂಬಬೇಕು, ಒಬ್ಬನು ಅಟ್ಟಣೆಯ ಕೆಳಗೆ ನಿಂತು ದೂರದಿಂದ ನೋಡಿ ತಪ್ಪನ್ನು ಹೇಳಬೇಕು. ಅಲ್ಲಿ ಯಾರಿಗೂ ಪ್ರಥಮ ಬಹುಮಾನವಿರಲಿಲ್ಲ, ಚಿತ್ರಗಳು ಉಳಿದಿವೆ.

ಮೂಡಲಪಾಯದ ಬಯಲಾಟವೂ ಹಾಗೆಯೇ. ಭಾಗವತನ ಹಾಡಿಗೆ ಹಿಮ್ಮೇಳದವರು ದನಿಗೂಡಿಸದಿದ್ದರೆ, ಮುಖವೀಣೆಯವನು ಉಸಿರು ಹಿಡಿಯದಿದ್ದರೆ, ಹಗುರವಾದ ಮರದ ಮೇಲೆ ಬಣ್ಣದ ಕಾಗದವನ್ನೂ ಕನ್ನಡಿಯ ಚೂರುಗಳನ್ನೂ ಅಂಟಿಸಿ ಕಿರೀಟ ಭುಜಕೀರ್ತಿಗಳನ್ನು ಸಿದ್ಧಪಡಿಸುವವನು ಇಲ್ಲದಿದ್ದರೆ, ರಾಜನ ಪಾತ್ರಧಾರಿಯು ಎಷ್ಟು ಪ್ರವೀಣನಾದರೂ ಆಟ ಏಳುವುದಿಲ್ಲ. ಕುರುಬರ ಕಂಬಳಿಯೂ ಅದೇ ಪಾಠವನ್ನು ಹೇಳುತ್ತದೆ: ಉಣ್ಣೆ ಕತ್ತರಿಸುವವರು ಕೆಲವರು, ನೂಲುವ ಹೆಂಗಸರು ಕೆಲವರು, ಹುಣಸೆಬೀಜದ ಗಂಜಿಯನ್ನು ಹಾಸಿಗೆ ಹಚ್ಚುವವರು ಕೆಲವರು, ಮಗ್ಗದ ಗುಂಡಿಯಲ್ಲಿ ಕುಳಿತು ನೇಯುವವನೊಬ್ಬ. ಕಾಡುಗೊಲ್ಲರು ಗಣೆಯನ್ನೂದಿ ಜುಂಜಪ್ಪನ ಕಥೆಯನ್ನು ಹಾಡುವಾಗಲೂ ಒಬ್ಬನ ಸೊಲ್ಲನ್ನು ಮತ್ತೊಬ್ಬನು ಎತ್ತಿಕೊಳ್ಳುತ್ತಾನೆ. ಇಂತಹ ಸೀಮೆಯಲ್ಲಿ ಹುಟ್ಟಿದ ಮಗುವಿಗೆ ಪಾಠಶಾಲೆಯು ಕಲೆಯೆಂದರೆ ಒಂಟಿಯಾಗಿ ಒಂದು ಕಾಗದದ ಮೇಲೆ ಬಗ್ಗಿ, ಪಕ್ಕದವನು ನೋಡದಂತೆ ತೋಳಿನಿಂದ ಮರೆಮಾಡಿಕೊಂಡು ಬರೆಯುವುದೆಂದು ಕಲಿಸುತ್ತಿರುವುದು ಎಂತಹ ವಿಪರ್ಯಾಸ!

ಕಾಯಿದೆಯಲ್ಲಿ ಕೊರತೆ ಇಲ್ಲವೆಂದಲ್ಲ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆಯು ಕಡ್ಡಾಯವಾದ ವಿಷಯವಾಗಿರಬೇಕೆಂದು ಹೇಳಿತು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯು ಆರರಿಂದ ಎಂಟನೆಯ ತರಗತಿಗಳಿಗೆ ಕಲಾಶಿಕ್ಷಣದ ಅಂಶಕಾಲಿಕ ಬೋಧಕರನ್ನು ವಿಧಿಸಿತು. ಆದರೆ ಮಕ್ಕಳ ಸಂಖ್ಯೆ ನೂರನ್ನು ಮೀರಿದ ಕಡೆಗೆ ಮಾತ್ರ. ಈ ನಾಲ್ಕು ತಾಲ್ಲೂಕುಗಳ ಹಳ್ಳಿ, ಹಟ್ಟಿ, ತಾಂಡಾಗಳ ಸಣ್ಣ ಸಣ್ಣ ಶಾಲೆಗಳಿಗೆ ಈ ನೂರರ ಗೆರೆಯು ಹೊಸಲನ್ನೇ ದಾಟಗೊಡದ ಅಗುಳಿಯಾಗಿದೆ. ಯಾವ ಮಗುವಿಗೆ ಊರಿನಲ್ಲಿ ಸಂಗೀತಶಾಲೆಯಿಲ್ಲವೋ, ಮನೆಯಲ್ಲಿ ಬಣ್ಣದ ಪೆಟ್ಟಿಗೆಯಿಲ್ಲವೋ, ಆ ಮಗುವಿಗೇ ಬೋಧಕನೂ ಇಲ್ಲ.

೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಅನಂತರ ರಾಜ್ಯದಲ್ಲೆಲ್ಲ ಹರಡಿದ ನಲಿ-ಕಲಿಯು ಹಾಡು, ಚಿತ್ರ, ಆಟ, ಗುಂಪುಗಳನ್ನು ತರಗತಿಯೊಳಕ್ಕೆ ತಂದಿತು. ಅದು ಸಾಮಾನ್ಯವಾದ ಸಾಧನೆಯಲ್ಲ. ಆದರೆ ಮೂರನೆಯ ತರಗತಿ ಮುಗಿದೊಡನೆ ನಲಿಯುವುದು ಮುಗಿದು, ಕಲಿಯುವುದೊಂದೇ ಉಳಿಯುತ್ತದೆ. ಎಂಟು ವರ್ಷದ ಮಗುವು ಇನ್ನು ಮೇಲೆ ಹಾಡದೆ ಕುಳಿತುಕೊಳ್ಳತಕ್ಕದ್ದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮುಂದೆ ಎಸ್. ಎಸ್. ಎಲ್. ಸಿ. ಪರೀಕ್ಷೆಯ ೬೨೫ ಅಂಕಗಳು ಎದುರಿಗೆ ನಿಲ್ಲುತ್ತವೆ. ಸಾಮಾನ್ಯ ವಿದ್ಯಾರ್ಥಿಯ ಆ ಮೊತ್ತದಲ್ಲಿ ಚಿತ್ರಕ್ಕೆ ಒಂದು ಅಂಕವೂ ಸೇರುವುದಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಮಧುಗಿರಿಯ ಹೆಸರು ಎಷ್ಟನೆಯದೆಂದು ಪ್ರತಿವರ್ಷವೂ ಚರ್ಚೆಯಾಗುತ್ತದೆ. ಮಧುಗಿರಿಯ ಮಕ್ಕಳು ಆ ವರ್ಷ ಕೂಡಿ ಏನನ್ನು ನಿರ್ಮಿಸಿದರೆಂದು ಯಾರೂ ಕೇಳುವುದಿಲ್ಲ.

ಇನ್ನು ಎರಡು ತೋರಿಕೆಗಳ ವಿಷಯ. ಶಾಲೆಯ ಗೋಡೆಗಳಿಗೆ ರೈಲುಗಾಡಿಯಂತೆ ಬಣ್ಣ ಹೊಡೆಸುವುದು ಈಚಿನ ವರ್ಷಗಳಲ್ಲಿ ಅನೇಕ ಊರುಗಳಲ್ಲಿ ನಡೆದಿದೆ. ನೋಡುವುದಕ್ಕೆ ಸೊಗಸು. ಆದರೆ ಕೂಲಿಗೆ ಬಂದ ಬಣ್ಣದವನು ಬಳಿದುಹೋದ ಮೇಲೆ ಮಕ್ಕಳಿಗೆ ದೊರೆಯುವ ಉಪದೇಶವು ಒಂದೇ: ಗೋಡೆಯನ್ನು ಮುಟ್ಟಬೇಡಿ. ತಮ್ಮ ಶಾಲೆಯ ಗೋಡೆಯ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲದ ಮಕ್ಕಳು ಅದರ ಪ್ರಯಾಣಿಕರೇ ಹೊರತು ಒಡೆಯರಲ್ಲ.

ಎರಡನೆಯ ತೋರಿಕೆಯು ವಿದ್ಯಾವಂತರ ಮನೆಗಳಿಗೆ ಸೇರಿದ್ದು. ಉಪಾಧ್ಯಾಯರು ಮಗುವಿಗೆ ‘ಪ್ರಾಜೆಕ್ಟ್’ ಒಂದನ್ನು ಕೊಡುತ್ತಾರೆ. ರಾತ್ರಿ ಒಂಬತ್ತು ಗಂಟೆಗೆ ತಂದೆಯು ಅಂಗಡಿಯಿಂದ ಥರ್ಮೋಕೋಲನ್ನೂ ಅಚ್ಚಾದ ಚಿತ್ರಗಳನ್ನೂ ತರುತ್ತಾನೆ; ತಾಯಿಯು ಕತ್ತರಿಸಿ ಅಂಟಿಸುತ್ತಾಳೆ; ಮಗುವು ನಿದ್ದೆಹೋಗಿರುತ್ತದೆ. ಬೆಳಗ್ಗೆ ಅದು ಶಾಲೆಗೆ ಹೊತ್ತುಕೊಂಡು ಹೋಗುವುದು ತಂದೆತಾಯಿಗಳ ಕೃತಿಯನ್ನು. ಸಂಪಾದಿಸಿಕೊಂಡು ಬರುವುದು ತಂದೆತಾಯಿಗಳ ಅಂಕವನ್ನು. ಅದೇ ತರಗತಿಯಲ್ಲಿ ಕೂಲಿಗೆ ಹೋದ ತಾಯಿಯ ಮಗನು ಕಸಬರಿಕೆಯ ಕಡ್ಡಿಯಿಂದ ತಾನೇ ಮಾಡಿ ತಂದ ಸೊಟ್ಟ ಗಾಳಿಯಂತ್ರವು ಮೂಲೆಗೆ ಸೇರುತ್ತದೆ. ಇದರಿಂದ ಒಂದು ಮಗುವಿಗೆ ಸುಳ್ಳನ್ನೂ ಮತ್ತೊಂದಕ್ಕೆ ಅವಮಾನವನ್ನೂ ಕಲಿಸಿದಂತಾಗುತ್ತದೆ. ಸರಕಾರವನ್ನು ದೂರುವುದಕ್ಕೆ ಮೊದಲು ವಾಚಕರು ತಮ್ಮ ಮನೆಯ ಈ ರಾತ್ರಿಯ ಕಾರ್ಯಾಗಾರವನ್ನು ಮುಚ್ಚುವುದು ಒಳ್ಳೆಯದು.

ಕೂಡಿ ಕಟ್ಟುವ ಕಲೆಯು ಕನಸಿನ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ. ೧೯೩೮ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಾಂಧಿಯವರ ಅಪೇಕ್ಷೆಯಂತೆ ನಂದಲಾಲ ಬಸುಗಳು ಅದರ ಅಲಂಕಾರವನ್ನು ವಹಿಸಿಕೊಂಡರು. ರೈತರು, ಚಮ್ಮಾರರು, ವಾದ್ಯಗಾರರು, ರಾಗಿಕಲ್ಲು ಬೀಸುವ ಹೆಂಗಸರು ಇವರ ಚಿತ್ರಗಳುಳ್ಳ ಸುಮಾರು ೪೦೦ ಫಲಕಗಳು ಕೈಕಾಗದದ ಮೇಲೆ ಮಣ್ಣಿನ ಬಣ್ಣಗಳಿಂದ ಸಿದ್ಧವಾದವು. ಅವುಗಳಲ್ಲಿ ಎಂಬತ್ತಕ್ಕೆ ಮೇಲ್ಪಟ್ಟವು ಮಾತ್ರ ಗುರುವಿನ ಕೈಯವು; ಉಳಿದುವನ್ನು ಶಾಂತಿನಿಕೇತನದ ಶಿಷ್ಯರೂ ಸಹಾಯಕರೂ ಗುರುವನ್ನು ಅನುಸರಿಸಿ ಮಾಡಿದರು. ಕರ್ನಾಟಕದಲ್ಲಿಯೇ ನೋಡುವುದಾದರೆ, ಶಿವರಾಮ ಕಾರಂತರು ೧೯೩೦ರ ದಶಕದಲ್ಲಿ ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣವನ್ನು ಆಟ, ನಾಟಕ, ಪ್ರಕೃತಿಗಳೊಡನೆ ಬೆಸೆಯಲು ಯತ್ನಿಸಿದರು. ಬಿ. ವಿ. ಕಾರಂತರು ರವೀಂದ್ರರ ಕಥೆಯನ್ನು ಆಧರಿಸಿದ ‘ಪಂಜರಶಾಲೆ’ಯನ್ನು ಮಕ್ಕಳಿಂದ ಆಡಿಸಿದರು, ೧೯೮೯ರಲ್ಲಿ ಮೈಸೂರಿನಲ್ಲಿ ಅವರು ಮೊದಲ ನಿರ್ದೇಶಕರಾಗಿದ್ದ ರಂಗಾಯಣವು ಮುಂದೆ ಚಿಣ್ಣರ ಮೇಳವನ್ನು ನಡೆಸಿಕೊಂಡು ಬಂದಿತು. ಇವೆಲ್ಲವೂ ಬೇಸಗೆಯ ರಜದಲ್ಲಿ ಪಟ್ಟಣದ ಮಕ್ಕಳಿಗೆ ಸಲ್ಲುವ ಭಾಗ್ಯವಾಗಿಯೇ ಉಳಿಯಬೇಕೆಂದು ವಿಧಿಯೇನೂ ಇಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಕೆಲಸಕ್ಕೆ ವಸ್ತುವಿನ ಬರವಿಲ್ಲ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡುಕಟ್ಟುತ್ತವೆ. ಊರವರು ಅವುಗಳನ್ನು ಬಾಣಂತಿಯರಂತೆ ಕಾಪಾಡುತ್ತಾರೆ. ಸುತ್ತಲಿನ ಎರಡು ಮೂರು ಶಾಲೆಗಳ ಮಕ್ಕಳು ಕೂಡಿ ವಾರವಾರವೂ ಗೂಡುಗಳನ್ನು ಎಣಿಸಿ, ಹಿರಿಯರನ್ನು ವಿಚಾರಿಸಿ, ಉದ್ದವಾದ ಒಂದೇ ಬಟ್ಟೆಯ ಮೇಲೆ ಆ ಋತುವಿನ ಕಥೆಯನ್ನೆಲ್ಲ ಬರೆಯಬಹುದು. ಮಧುಗಿರಿಯ ಮಕ್ಕಳ ಕಣ್ಣೆದುರಿಗೇ ಏಕಶಿಲೆಯ ಬೆಟ್ಟವೂ ಅದರ ಕೋಟೆಯೂ ನಿಂತಿವೆ. ಬಾಗಿಲು ಬುರುಜುಗಳನ್ನು ಹೆಜ್ಜೆಯಿಂದ ಅಳೆದು, ಪ್ರಮಾಣಕ್ಕೆ ಇಳಿಸಿ, ಜೇಡಿಮಣ್ಣಿನಲ್ಲಿ ಕಟ್ಟಿದರೆ ಅದೇ ಗಣಿತ, ಅದೇ ಚರಿತ್ರೆ. ಕೊರಟಗೆರೆಯ ಸಿದ್ಧರಬೆಟ್ಟವು ಮೂಲಿಕೆಗಳಿಗೆ ಹೆಸರಾದುದು. ಎಲೆಯನ್ನು ಒಬ್ಬರು ಬರೆಯಲು, ಅಜ್ಜಿಯರು ಹೇಳಿದ ಉಪಯೋಗವನ್ನು ಒಬ್ಬರು ದಾಖಲಿಸಲು, ಹೊಲಿದು ರಟ್ಟು ಕಟ್ಟಲು ಮತ್ತೊಬ್ಬರು ಇದ್ದರೆ, ಶಾಲೆಯ ಪುಸ್ತಕಭಂಡಾರಕ್ಕೆ ಮಕ್ಕಳದೇ ಆದ ಹಸ್ತಪ್ರತಿಯೊಂದು ಸೇರುತ್ತದೆ.

ಪಾವಗಡದ ವಿಷಯ ಇನ್ನೂ ಹಿರಿದು. ಹೆಚ್ಚು ಕಡಿಮೆ ಸುತ್ತಲೂ ಆಂಧ್ರದಿಂದ ಆವೃತವಾದ ಈ ತಾಲ್ಲೂಕಿನಲ್ಲಿ ಮನೆಯೊಳಗೆ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನೋದುವ ಮಕ್ಕಳು ಅನೇಕರು. ಮಾತಿಗೆ ತಡವರಿಸುವ ಇಂತಹ ಮಗುವು ಪಂದ್ಯದ ಕಂಠಪಾಠದಲ್ಲಿ ಹಿಂದೆ ಬೀಳುತ್ತದೆ. ಗೊಂಬೆಯಾಟದ ಪರದೆಯ ಹಿಂದೆ ಮುಂದೆ ಬರುತ್ತದೆ. ಗಡಿಯಾಚೆ ಧರ್ಮಾವರದ ಬಳಿಯ ನಿಮ್ಮಲಕುಂಟದಲ್ಲಿ ತೊಗಲುಗೊಂಬೆಯ ಕುಟುಂಬಗಳು ಇಂದಿಗೂ ಇವೆ. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ ೨೦೨೦ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ಆ ವಿದ್ಯೆಯನ್ನು ರಟ್ಟಿನ ಗೊಂಬೆಗಳಿಗೆ ಇಳಿಸಿಕೊಂಡು ಪಾವಗಡದ ಮಕ್ಕಳು ಸೂರ್ಯನ ಕಥೆಯನ್ನೇ ಆಡಬಹುದು. ಕೆರೆಬಾವಿಗಳನ್ನು ಬತ್ತಿಸಿ ತಾತಂದಿರನ್ನು ಊರು ಬಿಡಿಸಿದ ಅದೇ ಸೂರ್ಯನು ಇಂದು ತಿರುಮಣಿಯ ಸುತ್ತಲಿನ ಸುಮಾರು ೧೩,೦೦೦ ಎಕರೆ ನೆಲದಲ್ಲಿ, ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರೋದ್ಯಾನವಾಗಿ, ರೈತರಿಗೆ ಭೂಮಿಯ ಗುತ್ತಿಗೆಯ ಹಣವನ್ನು ತರುತ್ತಿದ್ದಾನೆ. ಅದರಿಂದ ಲಾಭ ಯಾರಿಗೆ, ನೆಲವಿಲ್ಲದ ಕೂಲಿಯವರ ಗತಿ ಏನು ಎಂದು ಗೊಂಬೆಗಳು ಕೇಳಲಿ. ಬೆಳಕಿನ ಕಥೆಯನ್ನು ನೆರಳಿನಿಂದ ಹೇಳುವ ಆ ಆಟದಲ್ಲಿ ಭೂಗೋಳ, ವಿಜ್ಞಾನ, ಪೌರನೀತಿಗಳೆಲ್ಲವೂ ಅಡಗಿವೆ.

ಇದಕ್ಕೆ ಬರತಕ್ಕ ಆಕ್ಷೇಪಗಳು ಗೊತ್ತಿದ್ದುವೇ. ಕಾಲವಿಲ್ಲವೆಂಬುದು ಮೊದಲನೆಯದು. ಕೋಟೆಯನ್ನು ಅಳೆದ ಮಗುವಿಗೆ ಪ್ರಮಾಣದ ಲೆಕ್ಕವನ್ನು ಮತ್ತೆ ಹತ್ತು ಸಲ ಹೇಳಬೇಕಾಗುವುದಿಲ್ಲ. ಕಾಲವು ಹಾಳಾಗುವುದು ಅರ್ಥವಾಗದುದನ್ನು ತಿರುತಿರುಗಿ ಬರೆಯಿಸುವುದರಲ್ಲಿ. ಹಣವಿಲ್ಲವೆಂಬುದು ಎರಡನೆಯದು. ಕೆಮ್ಮಣ್ಣು, ಸುಣ್ಣ, ಇದ್ದಲು ಇವಕ್ಕೆ ಟೆಂಡರು ಬೇಕಿಲ್ಲ. ಅಂಟಿಗೆ ಹುಣಸೆಬೀಜವು ಊರೂರಿನಲ್ಲಿಯೂ ಇದೆ. ಹಬ್ಬಕ್ಕೆ ಸಾರಣೆಕಾರಣೆ ಮಾಡಿದ ತಾಯಂದಿರು ಈ ವಿದ್ಯೆಯಲ್ಲಿ ಯಾವ ಪದವೀಧರನಿಗೂ ಕಡಮೆಯಲ್ಲ. ಉಪಾಧ್ಯಾಯರಿಗೇ ಚಿತ್ರ ಬಾರದೆಂಬುದು ಮೂರನೆಯದು. ಕೂಡಿ ಮಾಡುವ ಕೆಲಸದಲ್ಲಿ ಉಪಾಧ್ಯಾಯರು ಚಿತ್ರಕಾರರಾಗಬೇಕಾಗಿಲ್ಲ. ಬಲ್ಲವರನ್ನು ಕರೆದು, ಕೆಲಸವನ್ನು ಹಂಚಿ, ಜಗಳವನ್ನು ತೀರಿಸಿ, ಮುಗಿಯುವವರೆಗೂ ನಿಲ್ಲುವ ಯಜಮಾನಿಕೆ ಸಾಕು.

ನಾಲ್ಕನೆಯ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ಗುಂಪಿನ ಕೆಲಸವೆಂದರೆ ಇಬ್ಬರು ದುಡಿಯುವರು, ಹತ್ತು ಮಂದಿ ನೋಡುವರು ಎನ್ನುತ್ತಾರೆ. ಹುಡುಗಿಯರು ರಂಗೋಲಿಗೆ, ಹುಡುಗರು ಮೇಜು ಹೊರುವುದಕ್ಕೆ. ಜಾಣನು ರೇಖೆಗೆ, ಬಡವನು ಕುಂಚ ತೊಳೆಯುವುದಕ್ಕೆ ಎಂಬ ಹಳೆಯ ಹಂಚಿಕೆಯು ಇಲ್ಲಿಯೂ ನುಸುಳುವುದುಂಟು. ಅದಕ್ಕೆ ಪರಿಹಾರವು ಗುಂಪನ್ನು ಒಡೆಯುವುದಲ್ಲ, ಸರದಿಯನ್ನು ತಿರುಗಿಸುವುದು. ಇಂದು ಬಣ್ಣ ಅರೆದವಳು ನಾಳೆ ಕಥೆ ಹೇಳಲಿ. ಇಂದು ಭಾಗವತನಾದವನು ನಾಳೆ ಪರದೆ ಹಿಡಿಯಲಿ. ಪಂಕ್ತಿಯಲ್ಲಿ ಕೂತು ಓದಿದ ಮಕ್ಕಳಿಗಿಂತ, ಒಂದೇ ಮಡಕೆಯ ಬಣ್ಣದಲ್ಲಿ ಕೈ ಅದ್ದಿದ ಮಕ್ಕಳು ಒಬ್ಬರನ್ನೊಬ್ಬರು ಹೆಚ್ಚಾಗಿ ಅರಿತಿರುತ್ತಾರೆ. ಜಾತಿ ಭಾಷೆಗಳಿಂದ ಹರಿದುಹೋಗಿರುವ ಊರುಗಳಲ್ಲಿ ಈ ಅರಿವನ್ನು ಪಡೆಯಲು ಪಾಠಶಾಲೆಯ ಹೊರಗೆ ಬೇರೆ ಸ್ಥಳವೇ ಇಲ್ಲ. ಈ ವಿಷಯದಲ್ಲಿ ಪಣವಾಗಿರುವುದು ಚಿತ್ರದ ಅಂದವಲ್ಲ, ಇದೇ.

ಆದುದರಿಂದ ಮಾಡತಕ್ಕುದು ಸ್ಪಷ್ಟವಾಗಿದೆ. ವೇಳಾಪಟ್ಟಿಯ ಕಲಾವೇಳೆಯನ್ನು ಬೇರೆ ವಿಷಯಕ್ಕೆ ಕೊಡದೆ ಮುಖ್ಯೋಪಾಧ್ಯಾಯರು ಕಾಪಾಡಬೇಕು. ನೂರರ ಗೆರೆಯ ಕೆಳಗಿನ ಶಾಲೆಗಳನ್ನು ಕ್ಲಸ್ಟರಿನಲ್ಲಿ ಒಟ್ಟುಗೂಡಿಸಿ ಎಣಿಸಿ, ಅವುಗಳಿಗೆಲ್ಲ ಸೇರಿ ಸಂಚರಿಸುವ ಒಬ್ಬ ಕಲಾಬೋಧಕನನ್ನು ಇಲಾಖೆಯು ನೇಮಿಸಬೇಕು; ಬಯಲಾಟದ ಭಾಗವತನೂ ಗಣೆಯವನೂ ಕುಂಬಾರನೂ ಅತಿಥಿಬೋಧಕರಾಗಿ ಗೌರವಧನದೊಡನೆ ಶಾಲೆಗೆ ಬರಬೇಕು. ಪ್ರತಿಭಾ ಕಾರಂಜಿಯು ಕ್ಲಸ್ಟರ್ ಮಟ್ಟದಲ್ಲಾದರೂ ಪಂದ್ಯದ ರೂಪವನ್ನು ಬಿಟ್ಟು, ಪ್ರತಿಯೊಂದು ಶಾಲೆಯೂ ವರ್ಷದಲ್ಲಿ ಕಟ್ಟಿದ ಒಂದು ಕೃತಿಯನ್ನು ತಂದು ತೋರಿಸುವ ಜಾತ್ರೆಯಾಗಬೇಕು. ಜಾತ್ರೆಯಲ್ಲಿ ಸೋತವರಿರುವುದಿಲ್ಲ.

ವಿದ್ಯಾವಂತರಾದ ಗೃಹಸ್ಥರು ಮಾಡಬೇಕಾದುದು ಇನ್ನೂ ಸುಲಭ. ಮುಂದಿನ ವಾರ್ಷಿಕೋತ್ಸವಕ್ಕೆ ಹೋದಾಗ ‘ನಿನ್ನ ಮಗನಿಗೆ ಯಾವ ಬಹುಮಾನ ಬಂದಿತು?’ ಎಂದು ಒಬ್ಬರನ್ನೊಬ್ಬರು ಕೇಳುವುದನ್ನು ಬಿಡಲಿ. ‘ಈ ವರ್ಷ ಮಕ್ಕಳೆಲ್ಲ ಸೇರಿ ಏನು ಮಾಡಿದರು?’ ಎಂದು ಮುಖ್ಯೋಪಾಧ್ಯಾಯರನ್ನು ಕೇಳಲಿ. ಉತ್ತರ ದೊರೆಯುವವರೆಗೂ ಪ್ರತಿವರ್ಷವೂ ಕೇಳಲಿ.